ರಾಜನಿಗೊಂದು ಪೆನ್ನಿ: ಬ್ರಿಟನ್ನಿನ ಹಳೇ ನಾಣ್ಯ ಕೂಡಿಡೋದು ಎಲ್ಲಿಂದ ಶುರು ಮಾಡಬೇಕು?

ಪುತ್ತೂರಿನಲ್ಲಿ ಅಜ್ಜನ ಟ್ರಂಕಿನ ತಳದಲ್ಲಿ ಜಾರ್ಜ್ ರಾಜನ ತಲೆ ಇರುವ ಏಳೆಂಟು ತಾಮ್ರದ ಬಿಲ್ಲೆ ಸಿಕ್ಕಿವೆ ಅಂದಿದ್ದೀರಿ. ಅದೇ ನೆಪದಲ್ಲಿ ಬ್ರಿಟನ್ನಿನ ನಾಣ್ಯಗಳನ್ನು ಒಬ್ಬೊಬ್ಬ ರಾಜನಿಗೆ ಒಂದರಂತೆ ಕೂಡಿಡುವ ಆಸೆಯಾಗಿದೆ, ಎಲ್ಲಿಂದ ಶುರು ಮಾಡಲಿ, ಎಷ್ಟು ದುಡ್ಡು ಬೇಕು, ಸಿಕ್ಕಿರೋದನ್ನು ತೊಳೆಯಲಾ ಅಂತ ಕೇಳಿದ್ದೀರಿ.

ಕೊನೆಯದಕ್ಕೇ ಮೊದಲು ಉತ್ತರ. ತೊಳೆಯಬೇಡಿ. ದಯವಿಟ್ಟು.

ನಾನು ತೊಳೆದಿದ್ದೆ. ಬರ್ಮಿಂಗ್‌ಹ್ಯಾಮಿಗೆ ಬಂದ ಹೊಸದರಲ್ಲಿ ಒಂದು ಭಾನುವಾರದ ಸಂತೆಯಲ್ಲಿ 1797ರ ದೊಡ್ಡ ಪೆನ್ನಿ ಸಿಕ್ಕಿತು, 15 ಪೌಂಡ್ ಕೊಟ್ಟೆ. ಚಾಕೊಲೇಟ್ ಬಣ್ಣ, ಅಂಚಲ್ಲಿ ಸ್ವಲ್ಪ ಕಪ್ಪು. ಮನೆಗೆ ತಂದವನೇ ದೇವರ ತಂಬಿಗೆ ಉಜ್ಜುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಎರಡೇ ನಿಮಿಷ. ಫಳಫಳ ಅಂತ ಗುಲಾಬಿ ಬಣ್ಣಕ್ಕೆ ತಿರುಗಿತು. ಹೆಮ್ಮೆಯಿಂದ ಒಬ್ಬ ಹಳೇ ವ್ಯಾಪಾರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ನೋಡಿ, ‘ಇನ್ನೂರು ವರ್ಷ ಕೂತು ಬಂದ ಬಣ್ಣ ಇದು, ಎರಡು ನಿಮಿಷದಲ್ಲಿ ತೆಗೆದಿದ್ದೀಯಲ್ಲ’ ಅಂದರು. ಈಗಲೂ ಅದು ನಾನು ನಾಣ್ಯ ಕೂರಿಸಿಡುವ ಟ್ರೇಯ ಮೊದಲ ಗುಂಡಿಯಲ್ಲೇ ಇದೆ. ಯಾರಾದರೂ ಬಂದಾಗ ಮಗ ಅದನ್ನೇ ಮೊದಲು ತೋರಿಸುತ್ತಾನೆ.

ಇನ್ನು ನಿಮ್ಮ ಬಿಲ್ಲೆಗಳು. ತಿರುಗಿಸಿ ನೋಡಿ. ಹಿಂದೆ ‘ಒನ್ ಕ್ವಾರ್ಟರ್ ಆಣಾ, ಇಂಡಿಯಾ’ ಅಂತ ಇಂಗ್ಲಿಷಿನಲ್ಲಿ ಇದ್ದರೆ ಅದು ನಮ್ಮ ಕಾಲಾಣೆ. ರಾಜ ಅವನೇ, ನಾಣ್ಯ ಬ್ರಿಟನ್ನಿನದಲ್ಲ. ಇಲ್ಲಿಯ ಪೆನ್ನಿಯ ಹಿಂದೆ ಗುರಾಣಿ, ತ್ರಿಶೂಲ ಹಿಡಿದು ಕೂತ ಬ್ರಿಟಾನಿಯಾ ಅನ್ನುವ ಹೆಂಗಸು ಇರುತ್ತಾಳೆ. ಕಾಲಾಣೆಯಾಗಿದ್ದರೆ ಬೇಜಾರಾಗಬೇಡಿ, ಪಕ್ಕಕ್ಕೆ ಎತ್ತಿಡಿ. ಮುಂದೆ ಕೆಲಸಕ್ಕೆ ಬರುತ್ತೆ.

ಎಲ್ಲಿಂದ ಶುರು? ಸುಮಾರು ಜನ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂನಿಂದ ಶುರು ಮಾಡೋಣ ಅಂತ ಹೊರಡುತ್ತಾರೆ. ನಾಲ್ಕೈದು ನಾಣ್ಯಕ್ಕೇ ಜೇಬು ಖಾಲಿ. ಅದೂ ಅಲ್ಲದೆ ಕೆಲವರ ನಾಣ್ಯ ಸಿಗೋದೇ ಇಲ್ಲ. 1553ರಲ್ಲಿ ಒಂಬತ್ತೇ ದಿನ ರಾಣಿಯಾಗಿದ್ದ ಜೇನ್ ಗ್ರೇ ಹೆಸರಲ್ಲಿ ನಾಣ್ಯವೇ ಇಲ್ಲ. ನನ್ನ ಮಾತು ಕೇಳಿದರೆ ಒಂದೇ ಬಗೆಯ ನಾಣ್ಯ ಹಿಡಿಯಿರಿ, ಪೆನ್ನಿ. 1797ರಿಂದ ಈಚೆಗೆ ಹತ್ತು ಜನ: ಮೂರನೇ ಜಾರ್ಜ್, ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ, ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಎಂಟನೇ ಎಡ್ವರ್ಡ್, ಆರನೇ ಜಾರ್ಜ್, ಎರಡನೇ ಎಲಿಜಬೆತ್, ಮೂರನೇ ಚಾರ್ಲ್ಸ್. ಹತ್ತು ಗುಂಡಿಯ ಒಂದು ಟ್ರೇ ಸಾಕು.

1797 ಯಾಕೆ ಅಂದರೆ, ಅದಕ್ಕೂ ಮುಂಚೆ ಪೆನ್ನಿ ಅನ್ನೋದು ಬೆಳ್ಳಿಯ ಪುಟಾಣಿ ಚೂರು. ಆ ವರ್ಷ ಇಲ್ಲೇ ಬರ್ಮಿಂಗ್‌ಹ್ಯಾಮಿನ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ ಅನ್ನುವವನು ಹಬೆ ಯಂತ್ರದಿಂದ ತಾಮ್ರದ ಪೆನ್ನಿ ಹೊಡೆದ. ಹಬೆ ಯಂತ್ರ ಅಂದರೆ ನಾವು ಶಾಲೆಯಲ್ಲಿ ಓದಿದ ಜೇಮ್ಸ್ ವ್ಯಾಟ್ ಇದ್ದಾನಲ್ಲ, ಅವನೇ ಇವನ ಪಾಲುದಾರ. ಒಂದೊಂದು ಪೆನ್ನಿ ಸರಿಯಾಗಿ ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ. ಎರಡು ಪೆನ್ನಿಯ ನಾಣ್ಯ ಎರಡು ಔನ್ಸ್. ಅಂಗಡಿಯವರು ಅದನ್ನೇ ತೂಕದ ಕಲ್ಲಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಅಂಚು ದಪ್ಪ, ಅಗಲ. ಅಕ್ಷರಗಳು ಉಬ್ಬಿಲ್ಲ, ಆ ಅಂಚಿನೊಳಕ್ಕೆ ಕೊರೆದ ಹಾಗೆ ಕೂತಿವೆ. ಥೇಟ್ ಗಾಡಿ ಚಕ್ರ. ಇಲ್ಲಿಯವರೂ ಅದನ್ನು ‘ಕಾರ್ಟ್‌ವ್ಹೀಲ್’ ಅಂತಲೇ ಕರೆಯೋದು. ನಾಲ್ಕನ್ನು ಜೇಬಿಗೆ ಹಾಕಿಕೊಂಡು ನಡೆದರೆ ಪ್ಯಾಂಟು ಜಾರುತ್ತೆ, ತಮಾಷೆಯಲ್ಲ.

ಇದೇ ಬೋಲ್ಟನ್ ಕಾರ್ಖಾನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ಕಾಸು ಹೊಡೆದಿದ್ದಾರೆ. 1808ರಲ್ಲಿ ಮದ್ರಾಸಿಗೆ ಅಂತ ಮಾಡಿದ ಕಾಸುಗಳನ್ನು ತುಂಬಿಕೊಂಡ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿ ದಾಟುವ ಮುಂಚೆಯೇ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ರಾಶಿ ರಾಶಿ ಮೇಲಕ್ಕೆ ತಂದರು, ಈಗ ಕಡಿಮೆ ಬೆಲೆಗೇ ಸಿಗುತ್ತವೆ. ನಿಮ್ಮ ಪುತ್ತೂರು ಆಗ ಮದ್ರಾಸಿನ ಆಡಳಿತದಲ್ಲೇ ಇತ್ತು ಅಲ್ವಾ? ನಿಮ್ಮ ಕಡೆಯ ಸಂತೆಗೆ ಬರಬೇಕಿದ್ದ ಕಾಸು ಸಮುದ್ರದಲ್ಲಿ ಕೂತಿತ್ತು ಅಂತಾದರೂ ಒಂದು ಇಟ್ಟುಕೊಳ್ಳಬಹುದು.

ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರೂ ಸ್ವಲ್ಪ ದುಬಾರಿ. ಆಳಿದ್ದು ಕಮ್ಮಿ ವರ್ಷ, ಪೆನ್ನಿ ಹೊಡೆದಿದ್ದೂ ಕಮ್ಮಿ. ಅವಸರ ಮಾಡಬೇಡಿ.

ವಿಕ್ಟೋರಿಯಾ ಮಾತ್ರ ಒಂದು ಗುಂಡಿಯಲ್ಲಿ ಹಿಡಿಯುವುದಿಲ್ಲ. 1860ರವರೆಗೆ ತಾಮ್ರ, ಆಮೇಲೆ ಕಂಚು. ಕಂಚಿನ ಮೊದಲ ಪೆನ್ನಿಯಲ್ಲಿ ತುರುಬು ಕಟ್ಟಿದ ಎಳೇ ಹುಡುಗಿ. ರಾಣಿಗೆ ಎಪ್ಪತ್ತು ದಾಟಿದರೂ 1894ರವರೆಗೆ ಪೆನ್ನಿಯಲ್ಲಿ ಅದೇ ಎಳೇ ಮುಖ! 1895ರಲ್ಲಿ ಇದ್ದಕ್ಕಿದ್ದ ಹಾಗೆ ತಲೆಗೆ ಸೆರಗು ಹೊದ್ದ ಅಜ್ಜಿ. ಎರಡನ್ನೂ ಅಕ್ಕಪಕ್ಕ ಇಡಿ. ಈ ಕಂಚಿನ ಪೆನ್ನಿಗಳು 1971ರಲ್ಲಿ ಪೌಂಡಿಗೆ 240 ಪೆನ್ನಿ ಅನ್ನುವ ಹಳೇ ಲೆಕ್ಕ ನಿಲ್ಲುವವರೆಗೂ ಬಳಕೆಯಲ್ಲೇ ಇದ್ದವು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಚಿಕ್ಕವಳಿದ್ದಾಗ ಮಿಠಾಯಿ ಅಂಗಡಿಯ ಚಿಲ್ಲರೆಯಲ್ಲಿ ವಿಕ್ಟೋರಿಯಾ ಬರುತ್ತಿದ್ದಳಂತೆ, ಮೂಗು ಕಿವಿ ಎಲ್ಲ ಸವೆದು. ಅದಕ್ಕೇ ಸವೆದವು ಇವತ್ತಿಗೂ ಒಂದೆರಡು ಪೌಂಡಿಗೆ ಸಿಗುತ್ತವೆ.

ಏಳನೇ ಎಡ್ವರ್ಡ್, ಐದನೇ ಜಾರ್ಜ್ ಸುಲಭ. ಐದನೇ ಜಾರ್ಜಿನದು 1918 ಅಥವಾ 1919ರದ್ದು ಸಿಕ್ಕರೆ ಇಸವಿಯ ಎಡಗಡೆ ಕಣ್ಣಿಟ್ಟು ನೋಡಿ. ‘ಎಚ್’ ಇದ್ದರೆ ಹೀಟನ್ ಟಂಕಸಾಲೆ, ‘ಕೆ ಎನ್’ ಇದ್ದರೆ ಕಿಂಗ್ಸ್ ನಾರ್ಟನ್, ಎರಡೂ ಬರ್ಮಿಂಗ್‌ಹ್ಯಾಮಿನವೇ. ಅಕ್ಷರ ಇದ್ದರೆ ಬೆಲೆ ಜಾಸ್ತಿ. 1933ರ ಪೆನ್ನಿ ಅಂತ ಯಾರಾದರೂ ಅಗ್ಗಕ್ಕೆ ಕೊಡೋಕೆ ಬಂದರೆ ನಕ್ಕು ಮುಂದೆ ಹೋಗಿ. ಆ ವರ್ಷ ಚಲಾವಣೆಯಲ್ಲಿ ಹಳೇ ಪೆನ್ನಿಗಳೇ ಬೇಕಾದಷ್ಟು ಇದ್ದವು. ಅಡಿಗಲ್ಲಿನ ಕೆಳಗೆ ಇಡೋಕೆ ಅಂತೆಲ್ಲ ಬೆರಳೆಣಿಕೆಯಷ್ಟು ಹೊಡೆದರು, ಅಷ್ಟೇ. ಲೀಡ್ಸ್‌ನ ಒಂದು ಚರ್ಚಿನ ಅಡಿಗಲ್ಲನ್ನೇ ಕಿತ್ತು ಕಳ್ಳರು 1970ರಲ್ಲಿ ಒಂದನ್ನು ಹೊತ್ತೊಯ್ದರು.

ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಎಂಟನೇ ಎಡ್ವರ್ಡ್ ಹತ್ತಿರ. 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದ, ಡಿಸೆಂಬರಿನಲ್ಲಿ ಬಿಟ್ಟು ಹೋದ. ಅಷ್ಟರಲ್ಲೂ ಒಂದು ರಗಳೆ. ಹಳಬನ ಮುಖ ಎಡಕ್ಕಿದ್ದರೆ ಹೊಸಬನದು ಬಲಕ್ಕೆ ಇರಬೇಕು, ಅದು ಎರಡನೇ ಚಾರ್ಲ್ಸ್ ಕಾಲದಿಂದ ಬಂದ ಪದ್ಧತಿ. ಐದನೇ ಜಾರ್ಜ್ ಎಡಕ್ಕಿದ್ದ, ಇವನು ಬಲಕ್ಕೆ ತಿರುಗಬೇಕಿತ್ತು. ನನ್ನ ಎಡಗಡೆಯೇ ಚೆಂದ ಅಂತ ಹಟ ಹಿಡಿದ. ನಾಣ್ಯ ತಯಾರಾಗುತ್ತಿದ್ದವು, ಚಲಾವಣೆಗೆ ಬರುವ ಮುಂಚೆ ಅವನೇ ಇಲ್ಲ. ಇಲ್ಲಿ 1936 ಅಂತ ಇರುವ ಎಲ್ಲ ಪೆನ್ನಿಯಲ್ಲೂ ಅಪ್ಪ ಐದನೇ ಜಾರ್ಜಿನದೇ ತಲೆ. ಆಮೇಲೆ ಬಂದ ತಮ್ಮ ಆರನೇ ಜಾರ್ಜನ್ನೂ ಎಡಕ್ಕೇ ಕೂರಿಸಿದರು, ಅಣ್ಣ ಬಲಕ್ಕೆ ತಿರುಗಿದ್ದ ಅಂತ ಲೆಕ್ಕ ಇಟ್ಟುಕೊಂಡು!

ಹಾಗಾದರೆ ಆ ಗುಂಡಿ ಖಾಲಿಯಾ? ಇಲ್ಲ, ಒಂದು ಉಪಾಯ ಇದೆ. ಬ್ರಿಟಿಷ್ ಪಶ್ಚಿಮ ಆಫ್ರಿಕಾಕ್ಕೆ ಅಂತ 1936ರಲ್ಲಿ ಎಂಟನೇ ಎಡ್ವರ್ಡ್ ಹೆಸರಲ್ಲಿ ಹೊಡೆದ ಪೆನ್ನಿ ಹುಡುಕಿ. ನಮ್ಮ ಹಳೇ ತೂತುಬಿಲ್ಲೆಯ ಹಾಗೆ ನಡುವೆ ತೂತು. ತೂತಿರುವುದರಿಂದ ರಾಜನ ತಲೆ ಇಲ್ಲ, ಹೆಸರು ಮಾತ್ರ. ತಲೆ ಕೆತ್ತುವ ತಾಪತ್ರಯವೇ ಇಲ್ಲವಲ್ಲ, ಬೇಗ ಹೊಡೆದು ಕಳಿಸಿಬಿಟ್ಟರು. ಗಾತ್ರ ಹೆಚ್ಚುಕಮ್ಮಿ ಇಲ್ಲಿಯ ಪೆನ್ನಿಯಷ್ಟೇ, ಗುಂಡಿಯಲ್ಲಿ ಸರಿಯಾಗಿ ಕೂರುತ್ತೆ. ನನ್ನದರಲ್ಲಿ ‘ಕೆ ಎನ್’ ಅಂತ ಇದೆ. ಕಿಂಗ್ಸ್ ನಾರ್ಟನ್ ನಮ್ಮ ಮನೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಆಫ್ರಿಕಾಕ್ಕೆ ಹೋಗಿ, ಬಳಸಿ, ವಾಪಸ್ ಬಂದು, ಒಂದೂವರೆ ಪೌಂಡಿಗೆ ನನಗೆ ಸಿಕ್ಕಿತು.

ಆರನೇ ಜಾರ್ಜಿನದು ಒಂದಲ್ಲ, ಎರಡು ತಗೊಳ್ಳಿ: 1948ರದ್ದು, 1949ರದ್ದು. ಎರಡೂ ಅಗ್ಗ. ತಲೆಯ ಸುತ್ತ ಓದಿ. 1948ರದ್ದರಲ್ಲಿ ಕೊನೆಗೆ ‘ಇಂಡ್ ಇಂಪ್’ ಅಂತ ಇದೆ, ಲ್ಯಾಟಿನ್ನಿನಲ್ಲಿ ಭಾರತದ ಚಕ್ರವರ್ತಿ ಅಂತ ಅದರ ಅರ್ಥ. 1949ರದ್ದರಲ್ಲಿ ಇಲ್ಲ. ನಾವು 1947ರ ಆಗಸ್ಟಿನಲ್ಲೇ ಬಾವುಟ ಹಾರಿಸಿದೆವು. ಅವರು ಆ ಬಿರುದು ಬಿಟ್ಟಿದ್ದು 1948ರ ಜೂನಿನಲ್ಲಿ, ನಾಣ್ಯದಿಂದ ಅಳಿಸಿದ್ದು ಮರುವರ್ಷ. ಪೆನ್ನಿಯ ಮೇಲೆ ಆ ಅಕ್ಷರ ಮೊದಲು ಬಂದಿದ್ದು 1895ರಲ್ಲಿ, ಸೆರಗು ಹೊದ್ದ ಅಜ್ಜಿಯ ತಲೆಯ ಸುತ್ತ. ಈ ಎರಡು ಪೆನ್ನಿಯ ನಡುವೆ ನಿಮ್ಮ ಅಜ್ಜನ ಒಂದು ಕಾಲಾಣೆ ಇಡಿ. ಪಕ್ಕಕ್ಕೆ ಎತ್ತಿಡಿ ಅಂದಿದ್ದು ಇದಕ್ಕೇ.

ಎಲಿಜಬೆತ್‌ಗೆ 1967ರ ಪೆನ್ನಿ ಸಾಕು, ಬುಟ್ಟಿಗಟ್ಟಲೆ ಇವೆ. ಚಾರ್ಲ್ಸ್‌ನದು ಹೊಸ ಪುಟ್ಟ ಪೆನ್ನಿ, ಹಿಂದೆ ಒಂದು ಇಲಿಯಂಥ ಪ್ರಾಣಿ, ಡೋರ್‌ಮೌಸ್ ಅಂತಾರೆ. ಬ್ರಿಟಾನಿಯಾ ಕೂತಿದ್ದ ಜಾಗದಲ್ಲಿ ಇಲಿ ಅಂತ ನನ್ನ ಹೆಂಡತಿಗೆ ನಗು.

ದುಡ್ಡಿನ ವಿಷಯ: ನಾನು ಎಂಟು ಗುಂಡಿ ತುಂಬಿಸಿದ್ದು ಐವತ್ತು ಪೌಂಡಿನ ಒಳಗೆ, ನಾಲ್ಕು ವರ್ಷದಲ್ಲಿ. ಹೊಳಪಿನ ಹಿಂದೆ ಬೀಳಬೇಡಿ. ಇಸವಿ, ಹೆಸರು, ಮುಖ ಗೊತ್ತಾದರೆ ಸಾಕು. ಸುಮ್ನೆ ಅಗ್ಗದ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಪಿವಿಸಿ ಇದ್ದರೆ ಹಸಿರು ಜಿಗುಟು ಬರುತ್ತೆ. ನಿಮ್ಮ ಕಡೆಯ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಒಂದು ಎಚ್ಚರಿಕೆ: ನೂರು ವರ್ಷ ದಾಟಿದ ನಾಣ್ಯಗಳನ್ನು ಭಾರತದಿಂದ ಹೊರಗೆ ಕಳಿಸೋಕೆ ಕಾನೂನಿನ ಅಡ್ಡಿ ಇದೆ. ಬದಲಾಯಿಸಿಕೊಳ್ಳೋಣ ಅಂತ ಅಜ್ಜನ ಬಿಲ್ಲೆಗಳನ್ನು ಪೋಸ್ಟಿಗೆ ಹಾಕಿಬಿಡಬೇಡಿ.

ನನ್ನ ಟ್ರೇಯಲ್ಲಿ ನಾಲ್ಕನೇ ಜಾರ್ಜಿನದು, ನಾಲ್ಕನೇ ವಿಲಿಯಂನದು ಇನ್ನೂ ಖಾಲಿ. ಹೋದ ತಿಂಗಳು 1831ರ ಒಂದು ಸಿಕ್ಕಿತ್ತು, 60 ಪೌಂಡ್ ಅಂದರು. ಕೈಯಲ್ಲಿ ಹಿಡಿದು ಐದು ನಿಮಿಷ ನಿಂತಿದ್ದೆ. ವಾಪಸ್ ಇಟ್ಟು ಬಂದೆ. ಮುಂದಿನ ಭಾನುವಾರ ಮತ್ತೆ ಹೋಗಬೇಕು, ಇನ್ನೂ ಅಲ್ಲೇ ಇದೆಯಾ ನೋಡೋಕೆ.