ಮುಂದಿನ ಸಾಲಿನ ಕುರ್ಚಿಯೊಂದೇ ಸಾಲದು

ಬೇಲೂರು ತಾಲ್ಲೂಕಿನ ಯುವಕ ಸಂಘವೊಂದರ ಕಾರ್ಯದರ್ಶಿಯವರು ಬರೆದ ಪತ್ರದ ಸಾರ ಇದು: ಅವರ ಊರಿನಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ, ಗಾಲಿಕುರ್ಚಿಯಲ್ಲಿ ಓಡಾಡುವ 19 ವರ್ಷದ ಯುವಕನಿದ್ದಾನೆ. ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಸಂಘದವರು ಅವನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕಳೆದ ವರ್ಷ ಶಾಲು ಹೊದಿಸಿದ್ದೂ ಆಯಿತು. ಈಗ ಅವನ ತಾಯಿ, ಮಗನನ್ನು ಸದಸ್ಯನನ್ನಾಗಿ ಸೇರಿಸಿಕೊಳ್ಳಿ ಎಂದು ಕೇಳಿದ್ದಾರೆ. ‘ನಮ್ಮದು ಕಬಡ್ಡಿ, ವಾಲಿಬಾಲ್ ಆಡುವ ಸಂಘ. ಪಂದ್ಯಗಳ ಅಂಕಗಳೆಲ್ಲ ಅವನಿಗೆ ಬಾಯಿಪಾಠವಿರುವುದು ನಿಜ. ಆದರೆ ಪೆಟ್ಟಾದರೆ ಹೊಣೆ ಯಾರು? ಇಂಥವರಿಗೆ ಪ್ರತ್ಯೇಕ ಕ್ರೀಡಾಕೂಟ ನಡೆಸುವುದೇ ಒಳಿತಲ್ಲವೆ?’

ಮಾನ್ಯರೇ, ನಿಮ್ಮ ಅಂಜಿಕೆ ಸುಳ್ಳಲ್ಲ. ಪ್ರತ್ಯೇಕ ಕ್ರೀಡಾಕೂಟಗಳಿಗೂ ಅವುಗಳದೇ ಬೆಲೆಯಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ ನಮ್ಮ ಜಿಲ್ಲೆಯವರು. ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದ ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲಿ. ಆದರೆ ಆ ತಾಯಿ ಪದಕ ಕೇಳಲಿಲ್ಲ. ಮಗನ ವಯಸ್ಸಿನ ಹುಡುಗರು ಸಂಜೆ ಎಲ್ಲಿ ಸೇರುತ್ತಾರೋ ಅಲ್ಲಿ ಅವನಿಗೊಂದು ಜಾಗ ಕೇಳಿದರು. ವರ್ಷಕ್ಕೊಮ್ಮೆ, ವಿಶ್ವ ವಿಕಲಚೇತನರ ದಿನವಾದ ಡಿಸೆಂಬರ್ 3ರಂದು ಜಿಲ್ಲಾ ಕೇಂದ್ರದಲ್ಲಿ ನಡೆಯುವ ಕಾರ್ಯಕ್ರಮ ಉಳಿದ 364 ಸಂಜೆಗಳಿಗೆ ಉತ್ತರವಾಗುವುದು ಹೇಗೆ?

ಈ ವಿಷಯದಲ್ಲಿ ನನ್ನ ಮನಸ್ಸು ಬಿಗಿಯಾಗಲು ಕಾರಣವಾದ ಒಂದು ಸಂಗತಿಯನ್ನು ಹೇಳಬೇಕು. ಸಕಲೇಶಪುರದ ಕಡೆಯ ನಮ್ಮೂರಿನ ಯುವಕ ಸಂಘ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ನಾಟಕ ಆಡುತ್ತಿತ್ತು. ಪೋಲಿಯೊದಿಂದ ಎರಡೂ ಕಾಲು ಸೋತಿದ್ದ ಗೆಳೆಯನೊಬ್ಬ ಸೈಡ್‌ವಿಂಗಿನ ಮರೆಯಲ್ಲಿ ಕುಳಿತು ಎಲ್ಲರಿಗೂ ಮಾತು ಒದಗಿಸುತ್ತಿದ್ದ. ಪುಸ್ತಕ ಅವನ ಕೈಯಲ್ಲಿರುತ್ತಿತ್ತಾದರೂ ಅವನು ಅದನ್ನು ತೆರೆದದ್ದನ್ನು ನಾನು ನೋಡಿಲ್ಲ. ಹದಿನಾಲ್ಕು ಪಾತ್ರಗಳ ಮಾತೂ ಅವನ ನಾಲಗೆಯ ಮೇಲಿದ್ದವು. ಆ ವರ್ಷದ ಕರಪತ್ರದಲ್ಲಿ ಬಣ್ಣ ಹಚ್ಚಿದವರ ಹೆಸರಿತ್ತು, ಗ್ಯಾಸ್‌ಲೈಟಿಗೆ ಗಾಳಿ ಹೊಡೆದವರ ಹೆಸರಿತ್ತು, ಅವನ ಹೆಸರಿರಲಿಲ್ಲ. ಪಟ್ಟಿ ಬರೆದವನು ನಾನು. ಬೇಕೆಂದು ಬಿಟ್ಟದ್ದಲ್ಲ, ಅವನು ಸಂಘದವನು ಎಂಬುದೇ ನನಗೆ ಹೊಳೆದಿರಲಿಲ್ಲ. ರಾಜನ ಪಾತ್ರವಂತೂ ಸಿಂಹಾಸನದಲ್ಲಿ ಕುಳಿತೇ ಆಡುವಂಥದ್ದು. ಅದನ್ನು ಅವನಿಗೆ ಕೊಡಬಹುದಿತ್ತೆಂದು ಒಬ್ಬರಿಗೂ ತೋಚಲಿಲ್ಲ. ಮರುವರ್ಷ ಅವನು ಬರಲಿಲ್ಲ, ಯಾಕೆಂದು ನಾವು ಕೇಳಲೂ ಇಲ್ಲ.

ಆದ್ದರಿಂದ ಅಂಕ ಬರೆಯುವ ಕೆಲಸವನ್ನು ನಿಮ್ಮ ಊರಿನ ಯುವಕನಿಗೆ ಇಂದೇ ಒಪ್ಪಿಸಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅವನನ್ನೂ ಆಡಿಸಿ. ಕುಳಿತು ಆಡುವ ವಾಲಿಬಾಲ್ ಎಂಬ ಆಟವಿದೆ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ, ಪುರುಷರಿಗೆ ನೆಟ್ಟಿನ ಎತ್ತರ 1.15 ಮೀಟರ್. ನಿಮ್ಮ ಹುಡುಗರೂ ನೆಲದ ಮೇಲೆ ಕುಳಿತು ಆಡಿ ನೋಡಲಿ, ಬೆವರು ಕಡಿಮೆಯೇನೂ ಸುರಿಯುವುದಿಲ್ಲ. ಅವನ ಮೈ ಅದಕ್ಕೆ ಒಪ್ಪುತ್ತದೆಯೇ ಎಂಬುದನ್ನು ವೈದ್ಯರನ್ನೂ, ಮೊದಲಾಗಿ ಅವನನ್ನೇ, ಕೇಳಿ; ಒಪ್ಪದಿದ್ದರೆ ಕೇರಂ ಇದೆ, ಚದುರಂಗ ಇದೆ. ಅಂಧರ ಕ್ರಿಕೆಟ್‌ನಲ್ಲಿ ಸದ್ದು ಮಾಡುವ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಾರೆ, ಪೂರ್ಣ ಅಂಧ ಆಟಗಾರ ಗಳಿಸಿದ ಪ್ರತಿ ರನ್ನನ್ನು ಎರಡೆಂದು ಎಣಿಸುತ್ತಾರೆ. ಹೀಗೆ ನಿಯಮ ಬದಲಿಸಿದವರು ಆಟ ಕೆಟ್ಟಿತೆಂದು ಕೊರಗಿಲ್ಲ.

ಹೊಣೆ ಯಾರದೆಂದು ಕೇಳಿದಿರಿ. ಕಬಡ್ಡಿಯಲ್ಲಿ ನಿಮ್ಮ ಹುಡುಗರ ಮೊಣಕಾಲು ತಿರುಚಿದಾಗ ಯಾರು ಹೊರುತ್ತಾರೋ ಅವರೇ ಇದನ್ನೂ ಹೊರಬೇಕು. ಕಾರ್ಯದರ್ಶಿಯಾಗಿ ಇಷ್ಟು ಕಾಳಜಿಯಿಂದ ಪತ್ರ ಬರೆದ ನೀವು ಈ ಒಂದು ಪ್ರಶ್ನೆಯನ್ನು ಅವನೊಬ್ಬನ ವಿಷಯದಲ್ಲಿ ಮಾತ್ರ ಎತ್ತಿದ್ದು ನನಗೆ ನೋವು ತಂದಿತು.

ಇದು ಔದಾರ್ಯದ ಮಾತೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮನರಂಜನೆಯನ್ನೂ ಕ್ರೀಡೆಯನ್ನೂ ಹೆಸರಿಸಿಯೇ ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ, ಎಲ್ಲರೂ ಆಡುವ ಆಟಗಳಲ್ಲಿ ಪಾಲ್ಗೊಳ್ಳುವುದನ್ನೂ ಪ್ರತ್ಯೇಕ ಕ್ರೀಡೆಯನ್ನೂ ಒಟ್ಟಿಗೇ ಹೇಳುತ್ತದೆ. ಒಂದಿದ್ದರೆ ಇನ್ನೊಂದು ಬೇಡವೆನ್ನುವುದಿಲ್ಲ. ಅಂಗವಿಕಲ ಎಂಬ ಪದ ಹೋಗಿ ವಿಕಲಚೇತನ ಬಂತು, ವಿಶೇಷಚೇತನವೂ ಬಂತು, ಆದರೆ ನಾನು ಭಾಷಣಕ್ಕೆ ಹೋಗುವ ಊರೂರಿನ ಸಮುದಾಯ ಭವನಗಳಲ್ಲಿ ವೇದಿಕೆ ಏರಲು ಇಂದಿಗೂ ಕಡಿದಾದ ಐದಾರು ಮೆಟ್ಟಿಲುಗಳೇ ಇವೆ. ಸಾಧಕರೆಂದು ಕರೆಸಿದವರನ್ನು ನಾಲ್ವರು ಕುರ್ಚಿಸಮೇತ ಎತ್ತಿ ಮೇಲಿಡುವುದನ್ನು ನೋಡಿದ್ದೇನೆ. ಚಪ್ಪಾಳೆಯ ನಡುವೆ ಅವರು ತಲೆ ತಗ್ಗಿಸಿದ್ದನ್ನೂ ನೋಡಿದ್ದೇನೆ. ಗ್ರಾಮ ಪಂಚಾಯಿತಿಯ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ನಿಮ್ಮ ಸಂಘ ಅರ್ಜಿ ಬರೆದು, ಭವನಕ್ಕೊಂದು ಇಳಿಜಾರು ದಾರಿಯನ್ನೂ ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲಿನ ಶೌಚಾಲಯವನ್ನೂ ಕೇಳಲಿ. ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದೊಯ್ಯಿರಿ.

ಕೊನೆಗೊಂದು ವಿನಂತಿ. ಸದಸ್ಯತ್ವದ ಶುಲ್ಕವನ್ನು ಅವನಿಗೆ ಮಾಫಿ ಮಾಡಬೇಡಿ. ಎಲ್ಲರಂತೆ ಹಣ ಪಡೆದು ರಸೀದಿ ಕೊಡಿ, ವಾರ್ಷಿಕ ಸಭೆಯಲ್ಲಿ ಅವನ ಮಾತು ನಿಧಾನವಾಗಿ ಬಂದರೂ ಮುಗಿಯುವವರೆಗೆ ಕಾಯಿರಿ, ಅವನ ಮತವನ್ನೂ ಎಣಿಸಿ. ಮುಂದಿನ ಪಂದ್ಯಾವಳಿಯ ಕರಪತ್ರ ಅಚ್ಚಾದಾಗ ನಮ್ಮ ಕಚೇರಿಗೂ ಒಂದು ಪ್ರತಿ ಕಳುಹಿಸಿ. ನಾನು ಮೊದಲು ಹುಡುಕುವುದು ಅವನ ಹೆಸರನ್ನು.

— ಸಂಪಾದಕ