‘ಸರಿಪಡಿಸಲಾಯಿತು’ ಅಂದರೆ ಏನು ಮಾಡಿದಿರಿ?

ಪ್ರಿಯ ಲೇಖಕರೆ,

‘ಕಾಣದ ಡಿಸ್ಕ್’ ಲೇಖನ ತಲುಪಿತು. ವಿಸ್ಯಾನ್ ಬಗ್ಗೆ, ಅಂದರೆ ಒಂದೇ ಸ್ಟೋರೇಜ್ ನೆಟ್‌ವರ್ಕನ್ನು ಒಳಗೊಳಗೇ ಬೇರೆ ಮಾಡುವ ಭಾಗಗಳ ಬಗ್ಗೆ, ಕನ್ನಡದಲ್ಲಿ ಬರೆಯಲು ಕೂತಿದ್ದೀರಿ, ಸಂತೋಷ. ಶುರು ಚೆನ್ನಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅಲ್ಲಿನ ಮೂರು ಸಾಲುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ಹೇಳುವ ಕಥೆ ಇದು. ಸರ್ವರನ್ನೂ ಸ್ಟೋರೇಜನ್ನೂ ಜೋಡಿಸುವ ಎರಡು ಸಿಸ್ಕೊ ಎಂಡಿಎಸ್ ಸ್ವಿಚ್‌ಗಳು. ಸರ್ವರ್ ಒಂದರಲ್ಲಿ, ಸ್ಟೋರೇಜ್ ಇನ್ನೊಂದರಲ್ಲಿ, ಎರಡೂ ವಿಸ್ಯಾನ್ 20ರಲ್ಲಿ. ನಡುವಿನ ಟ್ರಂಕ್, ಅಂದರೆ ಹಲವು ವಿಸ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಲಿಂಕ್ ಮೇಲೆ ವಿಸ್ಯಾನ್ 10 ಆರಾಮಾಗಿ ಓಡುತ್ತಿದೆ. 20 ಮಾತ್ರ ದಾಟುತ್ತಿಲ್ಲ.

ಮೊದಲ ಸಾಲು: ‘ಸ್ವಿಚ್‌ಗಳ ನಡುವಿನ ಲಿಂಕ್ ಸರಿಯಾಗಿತ್ತು.’ ಯಾರಿಗೆ ಸರಿಯಾಗಿತ್ತು? 10ಕ್ಕೆ ಸರಿ, 20ಕ್ಕೆ ಇಲ್ಲ. ಟ್ರಂಕ್ ಅಪ್ ಆಗಿದ್ದರೆ ಅದರೊಳಗಿನ ಎಲ್ಲ ವಿಸ್ಯಾನ್‌ಗಳೂ ಅಪ್ ಅಂತ ಅಲ್ಲ. ‘ಶೋ ಇಂಟರ್‌ಫೇಸ್’ ಕಮಾಂಡ್ ಕೊಟ್ಟರೆ ಕೆಳಗೆ ಬೇರೆ ಬೇರೆ ಪಟ್ಟಿ ಬರುತ್ತದೆ: ಅಲೌಡ್ ಇರುವವು, ಅಪ್ ಇರುವವು, ಐಸೊಲೇಟ್ ಆದವು, ಅಂದರೆ ದಾಟದಂತೆ ಸ್ವಿಚ್ ಬೇರೆ ಇಟ್ಟವು. 20 ಆ ಐಸೊಲೇಟೆಡ್ ಸಾಲಿನ ಬ್ರಾಕೆಟ್ ಒಳಗೆ ಒಂಟಿಯಾಗಿ ಕೂತಿರುತ್ತದೆ. ನಿಮ್ಮ ಲೇಖನದ ಜೀವ ಇರುವುದೇ ಆ ಬ್ರಾಕೆಟ್‌ನಲ್ಲಿ. ಅದನ್ನು ತೋರಿಸದೆ ಮುಂದೆ ಹೋಗಿಬಿಟ್ಟಿದ್ದೀರಿ.

ಎರಡನೇ ಸಾಲು: ‘ಕೆಲವು ತಾಂತ್ರಿಕ ಕಾರಣಗಳಿಂದ ವಿಸ್ಯಾನ್ ಐಸೊಲೇಟ್ ಆಗಿರುವುದು ಕಂಡುಬಂದಿತು.’ ಯಾವ ಕಾರಣ? ಆ ಟ್ರಂಕ್‌ನಲ್ಲಿ ವಿಸ್ಯಾನ್ 20 ಒಂದನ್ನೇ ಕೇಳಿದರೆ ಸ್ವಿಚ್ ತಾನೇ ಕಾರಣ ಹೇಳುತ್ತದೆ. ‘ಡೊಮೈನ್ ಓವರ್‌ಲ್ಯಾಪ್’ ಅಂದರೆ ಆ ವಿಸ್ಯಾನ್‌ನಲ್ಲಿ ಎರಡು ಸ್ವಿಚ್‌ಗೂ ಒಂದೇ ಡೊಮೈನ್ ಐಡಿ (ಸ್ವಿಚ್‌ನ ಗುರುತಿನ ಸಂಖ್ಯೆ) ಬಿದ್ದಿದೆ. ‘ಝೋನ್ ಮರ್ಜ್ ಫೇಲ್ಯೂರ್’ ಬಂದರೆ, ಹೆಚ್ಚಾಗಿ ಎರಡೂ ಕಡೆ ಒಂದೇ ಹೆಸರಿನ ಝೋನ್ (ಯಾರು ಯಾರನ್ನು ಕಾಣಬಹುದು ಅನ್ನುವ ಪಟ್ಟಿ) ಇರುತ್ತದೆ, ಒಳಗಿನ ಸದಸ್ಯರು ಬೇರೆ. ‘ವಿಸ್ಯಾನ್ ನಾಟ್ ಕಾನ್ಫಿಗರ್ಡ್ ಆನ್ ಪಿಯರ್’ ಅಂದರೆ ಆ ಕಡೆಯ ಸ್ವಿಚ್‌ಗೆ ಹೋಗಿ, 20 ಇದೆಯಾ, ಟ್ರಂಕ್‌ನ ಅಲೌಡ್ ಪಟ್ಟಿಯಲ್ಲಿ ಸೇರಿದೆಯಾ ನೋಡಬೇಕು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ‘ಕೆಲವು ತಾಂತ್ರಿಕ ಕಾರಣ’ ಅಂತ ಬರೆದರೆ ಓದುವವನ ಕೈಗೆ ಏನೂ ಸಿಗುವುದಿಲ್ಲ.

ಮೂರನೇ ಸಾಲು: ‘ಅಗತ್ಯ ಬದಲಾವಣೆಗಳನ್ನು ಮಾಡಿ, ಲಿಂಕನ್ನು ಶಟ್, ನೋ ಶಟ್ ಮಾಡಿ ಸಮಸ್ಯೆಯನ್ನು ಸರಿಪಡಿಸಲಾಯಿತು.’ ಈ ಸಾಲನ್ನು ನಾನು ಹಾಗೇ ಅಚ್ಚು ಮಾಡಲಾರೆ. ಆ ಲಿಂಕ್ ಮೇಲೆ ವಿಸ್ಯಾನ್ 10 ಇದೆ ಅಂತ ನೀವೇ ಬರೆದಿದ್ದೀರಿ. ಲಿಂಕ್ ಶಟ್ ಮಾಡಿದರೆ, ಅಂದರೆ ಆಫ್ ಮಾಡಿದರೆ, ಅದೂ ಬೀಳುತ್ತದೆ, ಅಲ್ವಾ? ನಿಮ್ಮನ್ನು ನಂಬಿ ಯಾರೋ ಹೊಸ ಹುಡುಗಿ ಹಗಲು ಹೊತ್ತಿನಲ್ಲಿ ಹೀಗೇ ಮಾಡಿದರೆ?

ಇದು ನನ್ನನ್ನು ಇಷ್ಟು ಕಾಡಲು ಕಾರಣ ಇದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೂ ಇದೇ ಕೆಲಸ ಬಂದಿತ್ತು, ಟ್ರಂಕ್‌ಗೆ ವಿಸ್ಯಾನ್ 20 ಸೇರಿಸುವುದು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಸ್ಯಾನ್ 20’ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ‘ಆ್ಯಡ್’ ಅನ್ನುವ ಪದ ಬಿಟ್ಟಿದ್ದೆ. ಆ ಪದ ಇಲ್ಲದಿದ್ದರೆ ಹಳೇ ಪಟ್ಟಿ ಪೂರ್ತಿ ಹೋಗಿ, 20 ಒಂದೇ ಉಳಿಯುತ್ತದೆ. 10 ಆ ಲಿಂಕ್‌ನಿಂದ ಬಿದ್ದುಹೋಯಿತು. ಸರ್ವರ್‌ಗಳಿಗೆ ಎರಡನೇ ಫ್ಯಾಬ್ರಿಕ್‌ನಲ್ಲಿ (ಬೇರೆಯದೇ ಸ್ವಿಚ್‌ಗಳ ಜಾಲದಲ್ಲಿ) ಇನ್ನೊಂದು ದಾರಿ ಇತ್ತು, ಹಾಗಾಗಿ ಡೇಟಾಬೇಸ್ ನಿಲ್ಲಲಿಲ್ಲ. ನನ್ನ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು.

ನಮ್ಮ ಸೀನಿಯರ್ ಬಂದರು. ಬೈಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, ‘ಒತ್ತುವ ಮುಂಚೆ ಏನು ಕಂಡಿತು, ಏನು ಒತ್ತಿದೆ, ಒತ್ತಿದ ಮೇಲೆ ಏನು ಕಂಡಿತು, ಬರೆದುಕೊಂಡು ಬಾ’ ಅಂದರು. ‘ಕಮಾಂಡ್ ತಪ್ಪಾಗಿತ್ತು’ ಅಂತ ಒಂದೇ ಸಾಲು ಬರೆದುಕೊಂಡು ಹೋದೆ. ವಾಪಸ್ ಕೊಟ್ಟರು. ಮೂರನೇ ಸಲ ಎರಡು ಪುಟ ಆಯಿತು. ನನಗೆ ಬರವಣಿಗೆ ಕಲಿಸಿದ್ದು ಆ ಎರಡು ಪುಟ.

ನಿಮ್ಮ ಟರ್ಮಿನಲ್ ಲಾಗ್ ಉಳಿದಿದೆಯಾ? ಇದ್ದರೆ ಎರಡೂ ಸ್ವಿಚ್‌ಗಳ ಆ ಐಸೊಲೇಟೆಡ್ ಸಾಲು, ಸ್ವಿಚ್ ಹೇಳಿದ ಕಾರಣ, ನೀವು ಒತ್ತಿದ ಕಮಾಂಡ್ ಇದ್ದಂತೆಯೇ ಹಾಕಿ ಮೂರನೇ ಪುಟ ಮತ್ತೆ ಬರೆಯಿರಿ. ಸರ್ವರ್ ಹೆಸರು, ಡಬ್ಲ್ಯುಡಬ್ಲ್ಯುಎನ್ (ಸಾಧನದ ಗುರುತಿನ ಸಂಖ್ಯೆ) ಬದಲಿಸಿ. ನೀವು ಶಟ್ ಮಾಡಿದ ಹೊತ್ತಿನಲ್ಲಿ ವಿಸ್ಯಾನ್ 10ಕ್ಕೆ ಏನಾಯಿತು ಅನ್ನುವುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗೆ ಇಟ್ಟಿರುತ್ತೇನೆ.

ನಿಮ್ಮ
ಸಂಪಾದಕ