ಎಲುಬು ಕಂಡರೆ ಹಸಿವೆಯಲ್ಲ

ಮುಧೋಳ ನಾಯಿಯ ಬಗ್ಗೆ ಬಂದ ಪತ್ರಗಳು ಮೇಜಿನ ಮೇಲೆ ಬಹಳ ದಿನದಿಂದ ಉಳಿದಿದ್ದವು. ಈ ಸಲದ ಅಂಕಣ ಪೂರ್ತಿ ಅವಕ್ಕೇ.

ಪ್ರಶ್ನೆ: ನಮ್ಮದು 14 ತಿಂಗಳ ಗಂಡು ಮುಧೋಳ ನಾಯಿ, ತೂಕ 24 ಕೆ.ಜಿ. ಎರಡು ಹೊತ್ತು ಚೆನ್ನಾಗಿ ತಿನ್ನುತ್ತದೆ. ಆದರೂ ಅಪಾರ್ಟ್‌ಮೆಂಟಿನವರು ‘ನಾಯಿಯನ್ನು ಉಪವಾಸ ಕೆಡವಿದ್ದೀರಿ’ ಎಂದು ದೂರು ಕೊಟ್ಟಿದ್ದಾರೆ. ಹೋದ ವಾರ ಮಗನ ಗೆಳೆಯ ತಬ್ಬಿಕೊಳ್ಳಲು ಹೋದಾಗ ಕೈಗೆ ಬಾಯಿ ಹಾಕಿತು. ಇದು ಸಿಡುಕು ಜಾತಿಯೇ? ಬೇರೆಯವರಿಗೆ ಕೊಟ್ಟುಬಿಡಬೇಕೇ?
– ಓದುಗರು, ಬೆಂಗಳೂರು

ಉತ್ತರ: ಕೊಡಬೇಡಿ. ಮೊದಲು ಆ ಹುಡುಗನ ಕೈ. ಹಲ್ಲು ತಾಗಿ ಚರ್ಮ ಗೀರಿದ್ದರೂ ಸಾಕು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರ ಬಳಿ ಕಳಿಸಬೇಕು. ಕಳಿಸಿರದಿದ್ದರೆ ಇವತ್ತೇ ಕಳಿಸಿ. ನಾಯಿಗೆ ಲಸಿಕೆ ಆಗಿದ್ದರೂ ಇದು ಬಿಡುವಂಥದ್ದಲ್ಲ.

ಇನ್ನು ಮೈ. ಮುಧೋಳ ತಾಲ್ಲೂಕಿನಲ್ಲಿ 11 ವರ್ಷ ಪಶುವೈದ್ಯನಾಗಿದ್ದೆ. ವರ್ಗವಾಗಿ ಹೋದ ಹೊಸದರಲ್ಲಿ ನನಗೂ ಆ ನಾಯಿಗಳನ್ನು ಕಂಡರೆ ಕರುಳು ಚುರುಕ್ ಎನ್ನುತ್ತಿತ್ತು. ಒಬ್ಬ ರೈತರ ನಾಯಿಗೆ ಜಂತಿನ ಔಷಧಿ ಬರೆದೆ, ಟಾನಿಕ್ ಬರೆದೆ. ಅವರು ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು, ‘ಸಾಹೇಬ್ರ, ತೊಡಿ ಹಿಡದ ನೋಡ್ರಿ’ ಎಂದರು. ಹಿಡಿದೆ. ಬಾವಿಯ ಹಗ್ಗದ ಹಾಗೆ ಗಟ್ಟಿ, ಬೆರಳು ಒಳಗೆ ಹೋಗಲಿಲ್ಲ. ನೀವೂ ಹಾಗೆಯೇ ನೋಡಿ. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎರಡು ಗುಬುಟು ಎದ್ದು ಕಾಣುವುದು, ಹೊಟ್ಟೆ ಮೇಲಕ್ಕೆ ಸೆಳೆದುಕೊಂಡಿರುವುದು ಈ ತಳಿಯ ಸಹಜ ಮೈಕಟ್ಟು. ತೊಡೆ ಸೊರಗಿ ಜೋಲು ಬಿದ್ದಿದ್ದರೆ, ಬೆನ್ನುಮೂಳೆಯ ಗೆಣ್ಣು ಒಂದೊಂದೂ ಎಣಿಕೆಗೆ ಸಿಗುವಂತಿದ್ದರೆ, ಕೂದಲು ಹೊಳಪು ಕಳೆದುಕೊಂಡಿದ್ದರೆ ಮಾತ್ರ ಅದು ಹಸಿವೆ ಅಥವಾ ಕಾಯಿಲೆ. ಮುಧೋಳದ ಕಡೆ ಜೋಳದ ರೊಟ್ಟಿ, ನುಚ್ಚು, ಹಾಲು, ಆಗೀಗ ಮೊಟ್ಟೆ ತಿಂದು ಬೆಳೆದ ನಾಯಿಗಳನ್ನೇ ನಾನು ಹೆಚ್ಚು ಕಂಡದ್ದು. ಪಕ್ಕದ ಮನೆಯವರ ಕಣ್ಣಿಗೆ ತುಂಬಿ ಕಾಣಲಿ ಎಂದು ಇದಕ್ಕೆ ಕೊಬ್ಬು ಬರಿಸಿದರೆ ಆ ತೆಳ್ಳನೆಯ ಕಾಲುಗಳ ಕೀಲು ಕೆಡುತ್ತವೆ. ದೂರು ಕೊಟ್ಟವರನ್ನು ಒಮ್ಮೆ ಮನೆಗೆ ಕರೆದು ತೊಡೆ ಮುಟ್ಟಿಸಿ ತೋರಿಸಿ.

ಕಚ್ಚಿದ ವಿಷಯಕ್ಕೆ ಬರುತ್ತೇನೆ. ನನ್ನ ಮನೆಯಲ್ಲಿ ತುಂಗಿ ಎಂಬ ಹೆಣ್ಣು ಮುಧೋಳ 12 ವರ್ಷ ಬಾಳಿತು. ಒಮ್ಮೆ ಊರಿಂದ ಬಂದ ನೆಂಟರು ಅದರ ನೆತ್ತಿ ಸವರಲು ಮೇಲಿನಿಂದ ಕೈ ತಂದರು. ತುಂಗಿ ಮುಖ ಆಚೆ ತಿರುಗಿಸಿತು. ಮತ್ತೆ ಕೈ ಬಂತು. ಕಿವಿ ಕತ್ತಿಗೆ ಅಂಟಿಸಿ, ನಾಲಿಗೆಯಿಂದ ಮೂಗು ನೆಕ್ಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯಿತು, ಬೆನ್ನಿಗೆ ಗೋಡೆ ತಾಗಿತು. ಮೂರನೆಯ ಸಲ ಕೈ ಬಂದಾಗ ಹಲ್ಲು ತಾಗಿಸಿತು. ‘ಬೇಡ’ ಎಂದು ಎರಡು ಸಲ ಹೇಳಿತ್ತು. ಅಲ್ಲೇ ಕೂತು ನೋಡುತ್ತಿದ್ದ ನಾನು ನೆಂಟರನ್ನು ತಡೆಯಲಿಲ್ಲ. ಆ ತಪ್ಪು ನನ್ನದು, ಇವತ್ತಿಗೂ ನೆನಪಾಗುತ್ತದೆ.

ಈ ನಾಯಿ ಮನೆಯವರಿಗೆ ಮೈಯೆಲ್ಲ ಒಪ್ಪಿಸುತ್ತದೆ, ಹೊರಗಿನವರು ಮುಟ್ಟಿದರೆ ಸಹಿಸುವುದಿಲ್ಲ. ಸಂಕೋಚದ ಪ್ರಾಣಿ. ಗದರಿದರೆ ಒಳಗೇ ಮುದುಡುತ್ತದೆ, ಹೊಡೆದರೆ ಮತ್ತೆ ನಂಬುವುದು ಕಷ್ಟ. ಬಂದವರೆಲ್ಲರ ಮುಂದೆ ಬಾಲ ಆಡಿಸುವ ಲ್ಯಾಬ್ರಡಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಸಾಕಿದರೆ ಅದರ ಮೇಲೆ ಸುಮ್ಮನೆ ಸಿಡುಕಿನ ಹೆಸರು ಬರುತ್ತದೆ. ಮಕ್ಕಳಿಗೆ ಹೇಳಿ: ಮಲಗಿದ ನಾಯಿಯನ್ನು ಮುಟ್ಟಬಾರದು, ತಬ್ಬಬಾರದು, ಅದೇ ಬಂದು ಮೂಸಿದರೆ ಕೆಳಗಿನಿಂದ ಎದೆಯ ಬಳಿ ಸವರಬಹುದು. ನೆಂಟರು ಬಂದಾಗ ಒಳಕೋಣೆಯಲ್ಲಿ ದಪ್ಪ ಹಾಸಿಗೆ ಹಾಕಿ ಬಿಡಿ. ಬರಿಯ ಟೈಲ್ಸಿನ ಮೇಲೆ ಮಲಗಿಸಿದರೆ ಮೊಣಕೈ ಒರಟಾಗಿ ಗಂಟು ಕಟ್ಟುತ್ತದೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳಬೇಕು. ಇದರ ಕತ್ತು ತಲೆಯಷ್ಟೇ ದಪ್ಪ. ಮಾಮೂಲಿ ಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ಒಂದೇ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಎಳೆದಾಗ ಮಿತವಾಗಿ ಬಿಗಿಯಾಗುವ ಅಗಲ ಪಟ್ಟಿ ತನ್ನಿ. ಇದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕೋ ಅಳಿಲೋ ಅಲುಗಿತೆಂದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಬೇಲಿಯಿದ್ದ ಬಯಲಲ್ಲದೆ ಬೇರೆಲ್ಲೂ ಬಿಚ್ಚಬೇಡಿ. ವಾರಕ್ಕೆ ಮೂರು ದಿನವಾದರೂ ಅಂಥ ಬಯಲಿಗೆ ಕರೆದೊಯ್ದು ಮನಸಾರೆ ಓಡಲು ಬಿಡಿ. ಓಡಿ ಬಂದ ದಿನ ಮನೆಯಲ್ಲಿ ಬೆಕ್ಕಿನಷ್ಟು ಸದ್ದಿಲ್ಲದೆ ಮಲಗಿರುತ್ತದೆ.

ಪ್ರಶ್ನೆ: ಮುಧೋಳ ನಾಯಿ ವಿದೇಶಿ ತಳಿಯಿಂದ ಮಾಡಿದ್ದು ಎಂದು ಗೆಳೆಯರ ವಾದ. ಕ್ಯಾರವಾನ್ ಹೌಂಡ್ ಬೇರೆಯೇ?
– ಓದುಗರು, ಧಾರವಾಡ

ಉತ್ತರ: ಮೈಕಟ್ಟಿನಲ್ಲಿ ಇದು ಅರಬ್ ನಾಡಿನ ಬೇಟೆನಾಯಿ ಸಲೂಕಿಯ ಬಳಗದ್ದು ಎಂಬುದು ನೋಡಿದರೇ ತಿಳಿಯುತ್ತದೆ. ವ್ಯಾಪಾರಿಗಳ, ಸೈನಿಕರ ಜೊತೆ ದಖನ್ನಿಗೆ ಬಂದಿರಬೇಕೆಂಬ ನಂಬಿಕೆ ಹಳೆಯದು. ಮಹಾರಾಷ್ಟ್ರದಲ್ಲಿ ಇದನ್ನು ಕಾರವಾನಿ ಎನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಕ್ಯಾರವಾನ್ ಹೌಂಡ್ ಎಂದು ದಾಖಲಿಸುತ್ತದೆ. ನಾಯಿ ಒಂದೇ. ಆದರೆ ‘ವಿದೇಶಿಯಿಂದ ಮಾಡಿದ್ದು’ ಎನ್ನುವುದು ಅನ್ಯಾಯದ ಮಾತು. ನಮ್ಮ ಬಿಸಿಲು, ನಮ್ಮ ಎರೆಹೊಲ, ನಮ್ಮ ರೊಟ್ಟಿಗೆ ಒಗ್ಗುವಂತೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದವರು ಇಲ್ಲಿನ ಬೇಟೆಗಾರರು, ಕುರಿಗಾರರು, ರೈತರು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇವನ್ನು ಸಾಕಿ ಪೋಷಿಸಿದರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು, ಮುಧೋಳದ ಹೆಸರು ಹೊರಗೆ ಹಬ್ಬಿದ್ದು ಆ ಮೇಲೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಯ ಜೊತೆ ಇದೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದರು.

ಆ ಸುದ್ದಿ ಬಂದ ಮೇಲೆ ಮರಿಗಳಿಗೆ ಬೇಡಿಕೆ ಏರಿತು, ಕಲಬೆರಕೆಯೂ ಏರಿತು. ಕೊಳ್ಳುವ ಮುನ್ನ ತಾಯಿಯನ್ನು ಕಣ್ಣಾರೆ ನೋಡಿ. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬೇಡಿ.

ಪ್ರಶ್ನೆ: ಅಡಿಕೆ ತೋಟದ ಕಾವಲಿಗೆ ಕಟ್ಟಿಹಾಕಲು ಮುಧೋಳ ಆಗುತ್ತದೆಯೇ?
– ಓದುಗರು, ಹಾವೇರಿ

ಉತ್ತರ: ಕಟ್ಟಿಹಾಕಲು ಆಗುವುದಿಲ್ಲ. ಸರಪಳಿಯಲ್ಲಿಟ್ಟ ಮುಧೋಳ ಆರು ತಿಂಗಳಲ್ಲಿ ಹೆದರುಪುಕ್ಕಲಾಗುತ್ತದೆ ಇಲ್ಲವೇ ಕಚ್ಚುನಾಯಿಯಾಗುತ್ತದೆ, ಎರಡನ್ನೂ ನೋಡಿದ್ದೇನೆ. ಬೇಲಿ ಹಾಕಿ ಒಳಗೆ ಬಿಡುವುದಾದರೆ, ರಾತ್ರಿ ಮನೆಯವರ ಹತ್ತಿರ ಮಲಗಲು ಜಾಗ ಕೊಡುವುದಾದರೆ ತನ್ನಿ.

ಪ್ರಶ್ನೆ: ಮೂರು ವರ್ಷದ ಹೆಣ್ಣು ಮುಧೋಳಕ್ಕೆ ಸಂತಾನಹರಣ ಮಾಡಿಸಬೇಕು. ಈ ಜಾತಿಗೆ ಅರಿವಳಿಕೆ ಕೊಟ್ಟರೆ ಏಳುವುದಿಲ್ಲ ಎಂದು ಹೆದರಿಸಿದ್ದಾರೆ.
– ಓದುಗರು, ಶಿವಮೊಗ್ಗ

ಉತ್ತರ: ಹೆದರಿಕೆಗೆ ಅರ್ಧ ಕಾರಣವಿದೆ. ಇದರಂತೆಯೇ ತೆಳ್ಳನೆಯ ಓಟದ ನಾಯಿಯಾದ ಗ್ರೇಹೌಂಡ್ ಮೇಲೆ ನಡೆದ ಅಧ್ಯಯನಗಳಲ್ಲಿ ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆ ಮೈಯಿಂದ ಬಹಳ ನಿಧಾನವಾಗಿ ಇಳಿಯುವುದು ಕಂಡಿದೆ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಆ ಔಷಧಿಯನ್ನು ಕರಗಿಸುವುದೂ ನಿಧಾನ. ಮುಧೋಳದ ಮೈಕಟ್ಟೂ ಅಂಥದ್ದೇ ಆದ್ದರಿಂದ ನಾನು ಅದನ್ನು ಬಳಸಲೇ ಇಲ್ಲ. ಪ್ರೊಪೊಫಾಲ್‌ನಂಥ ಬೇರೆ ದಾರಿಗಳಿವೆ. ವೈದ್ಯರಿಗೆ ‘ಇದು ಮುಧೋಳ’ ಎಂದು ಮೊದಲೇ ಹೇಳಿ, ಆ ದಿನವೇ ತೂಕ ಮಾಡಿಸಿ. ಈ ಬಳಗದ ನಾಯಿಗಳಲ್ಲಿ ಕೆಂಪು ರಕ್ತಕಣ ಸಹಜವಾಗಿಯೇ ಹೆಚ್ಚು, ರಕ್ತದ ವರದಿ ನೋಡಿ ಗಾಬರಿಯಾಗಬೇಡಿ. ಮೈ ಬೇಗ ತಣ್ಣಗಾಗುತ್ತದೆ. ಒಂದು ಕಂಬಳಿ ಜೊತೆಗೆ ಒಯ್ಯಿರಿ, ಮೇಜಿನಿಂದ ಇಳಿಸಿದ ಕೂಡಲೇ ಹೊದಿಸಿ. ಕಣ್ಣು ಬಿಡುವಾಗ ನೀವು ಪಕ್ಕದಲ್ಲಿರಿ, ಅದು ಮೊದಲು ನಿಮ್ಮನ್ನೇ ಹುಡುಕುತ್ತದೆ.